ಬ್ಯಾಂಕಾಕ್‌ನ ತಲೆಬಾಗಿಲು ಎಲ್ಲಿದೆ?

ಬ್ಯಾಂಕಾಕ್‌ನ ಸಿಯಾಮ್ ಸ್ಟೇಷನ್ನಿನಲ್ಲಿ ಸ್ಕೈಟ್ರೇನ್ ಇಳಿದು, ರಸ್ತೆಯ ಮೇಲೆ ಕಟ್ಟಿರುವ ಕಾಲುದಾರಿಯಲ್ಲಿ ಪೂರ್ವಕ್ಕೆ ಸ್ವಲ್ಪ ಹೊತ್ತು ನಡೆಯಿರಿ. ಎಡಗಡೆ ಸಿಯಾಮ್ ಪ್ಯಾರಗಾನ್ ಎನ್ನುವ ದೊಡ್ಡ ಮಾಲ್ ಮುಗಿಯುತ್ತದೆ. ಮುಂದೆ ಸೆಂಟ್ರಲ್‌ವರ್ಲ್ಡ್ ಎನ್ನುವ ಇನ್ನೊಂದು ದೊಡ್ಡ ಮಾಲ್ ಶುರುವಾಗುತ್ತದೆ. ಎರಡರ ನಡುವೆ, ಕೆಳಗೆ, ಮರಗಳ ನೆರಳಿನಲ್ಲಿ ಒಂದು ಬೌದ್ಧ ವಿಹಾರ ಕಾಣುತ್ತದೆ. ಹೆಸರು ವಾಟ್ ಪಥುಮ್ ವನಾರಾಮ್. ನಿಧಾನವಾಗಿ ಬಾಯಲ್ಲಿ ಹೇಳಿ ನೋಡಿ. ಪದ್ಮ, ವನ, ಆರಾಮ. ತಾವರೆ ಕೊಳಗಳ ತೋಟದ ವಿಹಾರ.

ಇದನ್ನು 1857ರಲ್ಲಿ ಕಟ್ಟಿಸಿದವರು ರಾಜ ಮೊಂಗ್‌ಕುಟ್, ಅಂದರೆ ಈ ರಾಜವಂಶದ ನಾಲ್ಕನೇ ರಾಮ. ಆಗ ಇದು ಊರಾಚೆ. ಸುತ್ತ ಗದ್ದೆ, ಕೊಳ. ರಸ್ತೆಯೇ ಇರಲಿಲ್ಲ. ಬರಬೇಕೆಂದರೆ ಹಿಂದೆ ಹರಿಯುವ ಸೆನ್ ಸೆಪ್ ಕಾಲುವೆಯಲ್ಲಿ ದೋಣಿ ಹತ್ತಿ ಬರಬೇಕಿತ್ತು. ಈಗ ಜನ ರಸ್ತೆ ಕಡೆಯಿಂದ ಒಳಗೆ ಹೋಗುತ್ತಾರೆ. ಇನ್ನೂ ಜಾಸ್ತಿ ಜನ ಸ್ಕೈಟ್ರೇನ್ ಕಾಲುದಾರಿಯಲ್ಲಿ ನಿಂತು ಮೇಲಿನಿಂದಲೇ ಫೋಟೊ ತೆಗೆದುಕೊಂಡು ಮಾಲ್‌ಗೆ ಹೋಗುತ್ತಾರೆ. ಒಂದೇ ಜಾಗಕ್ಕೆ ಮೂರು ದಾರಿ: ನೀರು, ರಸ್ತೆ, ಹಳಿ.

ನನಗೆ ಬ್ಯಾಂಕಾಕ್ ಅರ್ಥವಾಗಿದ್ದು ಇಲ್ಲಿ ನಿಂತಾಗ. ಮೊದಲ ಸಲ ಹೋದಾಗ ಪಟ್ಟಿ ಹಿಡಿದುಕೊಂಡು ಮೂರು ದಿನ ಟ್ಯಾಕ್ಸಿಯಲ್ಲಿ ಓಡಾಡಿದ್ದೆ. ಅರಮನೆ, ಮಲಗಿದ ಬುದ್ಧ, ಮಾಲ್, ರಾತ್ರಿ ಸಂತೆ. ಎಲ್ಲ ನೋಡಿದ್ದಾಯಿತು, ಆದರೆ ಒಂದಕ್ಕೊಂದು ಸಂಬಂಧವೇ ಕಾಣಲಿಲ್ಲ. ಹಳೆಯದು ಒಂದು ಕಡೆ, ಹೊಸದು ಇನ್ನೊಂದು ಕಡೆ ಇರುತ್ತದೆ ಅಂದುಕೊಂಡು ಹೋಗಿದ್ದೆ. ಇಲ್ಲಿ ಹಾಗಿಲ್ಲ. ಈ ಊರು ತನ್ನ ತಲೆಬಾಗಿಲನ್ನು ಎರಡು ಸಲ ಬದಲಾಯಿಸಿದೆ. ಮೊದಲು ನೀರಿನ ಕಡೆ, ಆಮೇಲೆ ರಸ್ತೆ ಕಡೆ, ಈಗ ರೈಲಿನ ಕಡೆ. ಪ್ರತಿ ಸಲವೂ ಹಳೆಯ ತಲೆಬಾಗಿಲು ಹಿತ್ತಿಲಾಯಿತು. ಹಾಗಾಗಿ ಇಲ್ಲಿ ಹಳೆಯದನ್ನು ಹುಡುಕುವವರು ಹೊಸದರ ಹಿತ್ತಿಲಿಗೆ ಹೋಗಬೇಕು. ಈ ಒಂದು ವಿಷಯ ತಲೆಯಲ್ಲಿದ್ದರೆ ಊರು ತಾನಾಗಿ ಬಿಡಿಸಿಕೊಳ್ಳುತ್ತದೆ.

ನೀರಿನಿಂದ ಶುರು ಮಾಡೋಣ.

ಚಾವ್ ಫ್ರಾಯಾ ನದಿ ಇಲ್ಲಿ ಹಿಂದೆ ದೊಡ್ಡ ಕುದುರೆ ಲಾಳದ ಹಾಗೆ ಸುತ್ತಿ ಹರಿಯುತ್ತಿತ್ತು. ಸಮುದ್ರದಿಂದ ರಾಜಧಾನಿ ಅಯುತ್ಥಾಯಕ್ಕೆ ಹೋಗುವ ಹಡಗುಗಳು ಅಷ್ಟೂ ದೂರ ಸುತ್ತಬೇಕಿತ್ತು. 1542ರಲ್ಲಿ ರಾಜ ಚೈರಾಚಾ ಅವರ ಕಾಲದಲ್ಲಿ ಆ ಲಾಳದ ಎರಡು ತುದಿಗಳ ನಡುವೆ ಒಂದು ಅಡ್ಡ ಕಾಲುವೆ ತೋಡಿದರು. ನೀರಿಗೆ ಹತ್ತಿರದ ದಾರಿ ಸಿಕ್ಕಿತು, ಅಲ್ವಾ, ಅದು ಅದರಲ್ಲೇ ನುಗ್ಗಿತು. ವರ್ಷಗಳು ಕಳೆದಂತೆ ಕಾಲುವೆ ಅಗಲವಾಗಿ ನದಿಯೇ ಆಯಿತು, ಹಳೆಯ ನದಿ ಸಣ್ಣದಾಗಿ ಕಾಲುವೆ ಆಯಿತು. ಇವತ್ತು ದೊಡ್ಡ ಅರಮನೆಯ ಮುಂದೆ ಹರಿಯುವ ಅಗಲವಾದ ನೀರು ಮನುಷ್ಯರು ತೋಡಿದ್ದು. ಎದುರು ದಡದ ಥೊನ್‌ಬುರಿಯೊಳಗೆ ಸುತ್ತುವ ಬ್ಯಾಂಕಾಕ್ ನೋಯ್, ಬ್ಯಾಂಕಾಕ್ ಯೈ ಕಾಲುವೆಗಳೇ ಅಸಲು ನದಿ. ಮೋಟರ್ ದೋಣಿಯಲ್ಲಿ ಆ ಕಾಲುವೆಗಳಿಗೆ ಹೋದಾಗ ಇದನ್ನು ನೆನಪಿಟ್ಟುಕೊಳ್ಳಿ. ಪಕ್ಕದ ಗಲ್ಲಿ ನೋಡುತ್ತಿದ್ದೇನೆ ಅಂದುಕೊಳ್ಳಬೇಡಿ, ನೀವು ಊರಿನ ಹಳೆಯ ಹೆದ್ದಾರಿಯಲ್ಲಿದ್ದೀರಿ.

ಬ್ಯಾಂಕಾಕ್ ಎನ್ನುವ ಹೆಸರೂ ನೀರಿನದೇ. ಬಾಂಗ್ ಎಂದರೆ ನೀರಿನ ದಡದ ಹಳ್ಳಿ. ಮಕೋಕ್ ಎಂದರೆ ನಮ್ಮ ಅಮಟೆಕಾಯಿಯ ಜಾತಿಯ ಹುಳಿ ಹಣ್ಣು. ಬಾಂಗ್ ಮಕೋಕ್, ಅಮಟೆ ಮರಗಳ ಹಳ್ಳಿ ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. 1767ರಲ್ಲಿ ಬರ್ಮಾದ ಸೈನ್ಯ ಅಯುತ್ಥಾಯವನ್ನು ಸುಟ್ಟು ಹಾಳು ಮಾಡಿತು. ಅಲ್ಲಿಂದ ತಪ್ಪಿಸಿಕೊಂಡು ಬಂದ ತಕ್ಸಿನ್ ಪಶ್ಚಿಮ ದಡದ ಥೊನ್‌ಬುರಿಯನ್ನು ರಾಜಧಾನಿ ಮಾಡಿಕೊಂಡರು. ಥೊನ್‌ಬುರಿ, ಅಂದರೆ ಧನಪುರಿ. 1782ರಲ್ಲಿ ಮೊದಲನೇ ರಾಮ ಅಧಿಕಾರಕ್ಕೆ ಬಂದಾಗ ರಾಜಧಾನಿಯನ್ನು ಪೂರ್ವ ದಡಕ್ಕೆ ತಂದರು. ಅಲ್ಲಿ ಮೂರು ಕಡೆ ನದಿಯ ತಿರುವು, ಇನ್ನೊಂದು ಕಡೆ ಜೌಗು. ಕಾಲುವೆ ತೋಡಿದರೆ ಸಾಕು, ದ್ವೀಪವೇ ಆಗುತ್ತದೆ, ಕೋಟೆಗೆ ಹೇಳಿ ಮಾಡಿಸಿದ ಜಾಗ. ಆ ಜಾಗದಲ್ಲಿ ಚೀನೀ ವ್ಯಾಪಾರಿಗಳು ಇದ್ದರು. ಅವರನ್ನು ಕೋಟೆಯ ಆಚೆ, ದಕ್ಷಿಣಕ್ಕೆ, ಸಾಂಪೆಂಗ್ ಎನ್ನುವಲ್ಲಿಗೆ ಕಳಿಸಿದರು. ಇವತ್ತಿನ ಚೈನಾಟೌನ್ ಹುಟ್ಟಿದ್ದು ಹಾಗೆ. ಅರಮನೆ ಮತ್ತು ಚೈನಾಟೌನ್ ಬೇರೆ ಬೇರೆ ನೋಡುವ ಜಾಗಗಳು ಅಂತ ಪಟ್ಟಿಯಲ್ಲಿ ಬರೆದುಕೊಂಡಿರುತ್ತೇವೆ, ಎರಡೂ ಹುಟ್ಟಿದ್ದು ಒಂದೇ ತೀರ್ಮಾನದಿಂದ.

ಹೊಸ ರಾಜಧಾನಿಗೆ ಇಟ್ಟ ಪೂರ್ತಿ ಹೆಸರು ಜಗತ್ತಿನಲ್ಲೇ ಅತಿ ಉದ್ದದ ಊರಿನ ಹೆಸರು ಎಂದು ಹೆಸರಾಗಿದೆ. ಥಾಯ್ ಜನ ಅದರ ಮೊದಲ ತುಂಡನ್ನು ಮಾತ್ರ ಹೇಳುತ್ತಾರೆ: ಕ್ರುಂಗ್ ಥೆಪ್, ದೇವತೆಗಳ ನಗರ. ಉಳಿದದ್ದನ್ನು ಕನ್ನಡದವರು ಅರ್ಧಕ್ಕರ್ಧ ತಾವೇ ಬಿಡಿಸಿಕೊಳ್ಳಬಹುದು. ಮಹಾನಖೋನ್ ಎಂದರೆ ಮಹಾನಗರ. ನೊಫ್ಫರತ್ ರಾಚಥಾನಿ ಎಂದರೆ ನವರತ್ನ ರಾಜಧಾನಿ. ಉದೊಮ್ ರಾಚನಿವೇತ್ ಎಂದರೆ ಉತ್ತಮ ರಾಜನಿವೇಶ. ಕೊನೆಯಲ್ಲಿ ಇದನ್ನು ಕಟ್ಟಿದವನು ವಿತ್ಸನುಕಾಮ್ ಎಂದು ಬರುತ್ತದೆ, ಅವನು ನಮ್ಮ ವಿಶ್ವಕರ್ಮ. ಥಾಯ್ ಬರವಣಿಗೆಯಲ್ಲಿ ಸಂಸ್ಕೃತ, ಪಾಳಿ ಪದಗಳ ಹಳೆಯ ಅಕ್ಷರಗಳು ಹಾಗೇ ಉಳಿದಿರುತ್ತವೆ, ಬಾಯಲ್ಲಿ ಮಾತ್ರ ಸವೆದಿರುತ್ತವೆ. ಇದು ಗೊತ್ತಿದ್ದರೆ ಊರು ಸುತ್ತುವುದು ಬೇರೆಯೇ ಖುಷಿ. ವಿಮಾನ ನಿಲ್ದಾಣ ಸುವನ್ನಫೂಮ್ ಅಂದರೆ ಸುವರ್ಣಭೂಮಿ. ಸ್ಕೈಟ್ರೇನಿನ ರಾಚಥೇವಿ ಸ್ಟೇಷನ್ ರಾಜದೇವಿ. ವಾಟ್ ಎಂದರೆ ವಿಹಾರ, ಇನ್ನು ವಾಟ್ ಅರುಣ್‌ಗೆ ಅರ್ಥ ಹೇಳುವುದೇ ಬೇಡ.

ಹತ್ತೊಂಬತ್ತನೇ ಶತಮಾನದ ಅರ್ಧದವರೆಗೂ ಈ ಊರಿನಲ್ಲಿ ಹೇಳಿಕೊಳ್ಳುವಂಥ ರಸ್ತೆ ಇರಲಿಲ್ಲ. ತುಂಬಾ ಜನ ನೀರಿನ ಮೇಲೆ ತೇಲುವ ಮನೆಗಳಲ್ಲೇ ಇದ್ದರು. ಅಂಗಡಿ ತೇಲುತ್ತಿತ್ತು, ಸಂತೆ ತೇಲುತ್ತಿತ್ತು. ಮನೆ ದಡದ ಮೇಲಿದ್ದರೂ ಬಾಗಿಲು ನೀರಿನ ಕಡೆಗೆ. ವಿಹಾರಗಳೂ ಹಾಗೇ. ಆಚೆ ದಡದಲ್ಲಿ ಎತ್ತರದ ಗೋಪುರವಿರುವ ವಾಟ್ ಅರುಣ್ ನೋಡಲು ಟ್ಯಾಕ್ಸಿಯಲ್ಲಿ ಥೊನ್‌ಬುರಿ ಸುತ್ತಿ ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಲಗಿದ ಬುದ್ಧನಿರುವ ವಾಟ್ ಫೋ ಪಕ್ಕದ ತಾ ತಿಯೆನ್ ಕಟ್ಟೆಯಿಂದ ಕೆಲವೇ ಬಾತ್ ಕೊಟ್ಟರೆ ಆಚೆ ದಡಕ್ಕೆ ದಾಟಿಸುವ ದೋಣಿ ಇದೆ. ನಡುನೀರಿನಿಂದ ನೋಡುವುದಕ್ಕೆಂದೇ ಆ ಗೋಪುರ ನಿಂತಿದೆ. ಹತ್ತಿರ ಹೋದರೆ ಅದರ ಮೈಮೇಲಿನ ಹೂವುಗಳೆಲ್ಲ ಚೀನೀ ಪಿಂಗಾಣಿಯ ಚೂರುಗಳು. ಚೀನಾದಿಂದ ಬರುವ ಹಡಗುಗಳಲ್ಲಿ ಭಾರಕ್ಕೆಂದು ತುಂಬಿಕೊಂಡು ಬರುತ್ತಿದ್ದ ಪಿಂಗಾಣಿ ಅದು ಎನ್ನುತ್ತಾರೆ. ಬಂದರಿನ ಊರು ತನ್ನ ಗೋಪುರವನ್ನೂ ಬಂದರಿಗೆ ಬಂದ ಸಾಮಾನಿನಿಂದಲೇ ಅಲಂಕರಿಸಿಕೊಂಡಿದೆ.

ಈಗ ರಸ್ತೆಗೆ ಬರೋಣ. 1855ರಲ್ಲಿ ಬ್ರಿಟಿಷರ ಜೊತೆ ಬೌರಿಂಗ್ ಒಪ್ಪಂದ ಆಯಿತು, ವ್ಯಾಪಾರಕ್ಕೆ ಬಾಗಿಲು ತೆರೆಯಿತು. ವಿದೇಶಿ ವ್ಯಾಪಾರಿಗಳು, ರಾಯಭಾರಿಗಳು ಬಂದು ಅರಮನೆಯ ದಕ್ಷಿಣಕ್ಕೆ ನದಿ ದಡದಲ್ಲಿ ನೆಲೆಸಿದರು. ಸಂಜೆ ಕುದುರೆ ಗಾಡಿಯಲ್ಲಿ ಓಡಾಡಲು ರಸ್ತೆಯೇ ಇಲ್ಲ, ಇದರಿಂದ ನಮ್ಮ ಆರೋಗ್ಯ ಕೆಡುತ್ತಿದೆ ಎಂದು ಅವರು ರಾಜನಿಗೆ ಮನವಿ ಕೊಟ್ಟರು. ನಾಲ್ಕನೇ ರಾಮ ಒಪ್ಪಿ, 1862ರಿಂದ 1864ರ ನಡುವೆ ಚರೋನ್ ಕ್ರುಂಗ್ ರಸ್ತೆ ಹಾಕಿಸಿದರು. ಬ್ಯಾಂಕಾಕ್‌ನ ಮೊದಲ ಹೊಸ ಮಾದರಿಯ ರಸ್ತೆ ಇದು. ಒಂದು ರಸ್ತೆ ಬಂದಿದ್ದೇ ತಡ, ಅದರ ಎರಡೂ ಕಡೆ ಕೆಳಗೆ ಅಂಗಡಿ ಮೇಲೆ ಮನೆ ಇರುವ ಸಾಲು ಕಟ್ಟಡಗಳು ಎದ್ದವು. 1888ರಲ್ಲಿ ಕುದುರೆ ಎಳೆಯುವ ಟ್ರಾಮ್ ಬಂತು, ಕೆಲವೇ ವರ್ಷಗಳಲ್ಲಿ ಅದು ಕರೆಂಟಿನ ಟ್ರಾಮ್ ಆಯಿತು. ನೀರಿಗೆ ಮುಖ ಮಾಡಿದ್ದ ವ್ಯಾಪಾರ ಒಂದೊಂದಾಗಿ ರಸ್ತೆಗೆ ತಿರುಗಿತು.

ಆ ಕಾಲದ ಮನಸ್ಸು ಹೇಗಿತ್ತು ಎಂದು ಒಂದೇ ಕಟ್ಟಡದಲ್ಲಿ ನೋಡಬೇಕೆಂದರೆ ದೊಡ್ಡ ಅರಮನೆಯೊಳಗಿನ ಚಕ್ರಿ ಮಹಾ ಪ್ರಸಾತ್ ಮುಂದೆ ನಿಲ್ಲಿ. ಅರಮನೆಗೆ ಹೋದವರೆಲ್ಲ ಪಚ್ಚೆ ಬುದ್ಧನ ಗುಡಿಯ ಬಂಗಾರದ ಹೊಳಪಿನಲ್ಲೇ ಮುಳುಗಿ ಈ ಕಟ್ಟಡವನ್ನು ಬೇಗ ಬೇಗ ದಾಟಿಬಿಡುತ್ತಾರೆ. ಐದನೇ ರಾಮ, ಅಂದರೆ ಚುಲಾಲೊಂಗ್‌ಕೊರ್ನ್, ಇದನ್ನು ಕಟ್ಟಿಸಿದ್ದು. 1882ರಲ್ಲಿ, ರಾಜಧಾನಿಗೆ ನೂರು ವರ್ಷ ತುಂಬಿದಾಗ ಮುಗಿಯಿತು. ವಿನ್ಯಾಸ ಬ್ರಿಟಿಷ್ ವಾಸ್ತುಶಿಲ್ಪಿಯದು. ಕೆಳಗಿನ ಗೋಡೆ, ಕಂಬ, ಕಿಟಕಿ ಎಲ್ಲ ಯೂರೋಪಿನದು. ಚಾವಣಿ ಮಾತ್ರ ಥಾಯ್ ಶೈಲಿಯ ಮೂರು ಶಿಖರಗಳು. ಜನ ಇದಕ್ಕೆ ಥಾಯ್ ಕಿರೀಟ ಇಟ್ಟುಕೊಂಡ ಫರಂಗಿ ಎಂದು ಹೆಸರಿಟ್ಟರು. ಸುತ್ತಲಿನ ದೇಶಗಳೆಲ್ಲ ಬ್ರಿಟಿಷರ, ಫ್ರೆಂಚರ ಕೈಗೆ ಹೋಗುತ್ತಿದ್ದ ಸಮಯ. ನಾವೂ ನಿಮ್ಮಷ್ಟೇ ಆಧುನಿಕರು ಎಂದು ತೋರಿಸಬೇಕಿತ್ತು, ತಲೆಯ ಮೇಲಿನದನ್ನು ಬಿಟ್ಟುಕೊಡಲೂಬಾರದಿತ್ತು. ಆ ಇಕ್ಕಟ್ಟು ಅಲ್ಲಿ ಕಲ್ಲಾಗಿ ನಿಂತಿದೆ. ನನಗೆ ಅರಮನೆಯಲ್ಲೇ ಅತಿ ಇಷ್ಟವಾದ ಕಟ್ಟಡ ಅದು.

ರಸ್ತೆಗಳು ಜಾಸ್ತಿಯಾದ ಹಾಗೆ ಕಾಲುವೆಗಳನ್ನು ಮುಚ್ಚುತ್ತಾ ಬಂದರು. ಇವತ್ತಿನ ಎಷ್ಟೋ ದೊಡ್ಡ ರಸ್ತೆಗಳ ಪಕ್ಕದಲ್ಲಿ ಅಥವಾ ಅಡಿಯಲ್ಲಿ ಒಂದು ಕಾಲುವೆ ಇತ್ತು. ಬ್ಯಾಂಕುಗಳ, ಆಫೀಸುಗಳ ರಸ್ತೆಯಾದ ಸಿಲೋಮ್ ಎನ್ನುವ ಹೆಸರಿನ ಅರ್ಥ ಗಾಳಿಯಂತ್ರ. ಅಷ್ಟು ಬಯಲಾಗಿತ್ತು ಅಲ್ಲಿ. 1968ರ ಹೊತ್ತಿಗೆ ಟ್ರಾಮ್ ಕೂಡ ನಿಂತುಹೋಯಿತು, ಕಾರುಗಳಿಗೆ ಜಾಗ ಬೇಕಿತ್ತು.

ಬ್ಯಾಂಕಾಕ್‌ನ ಟ್ರಾಫಿಕ್ ಯಾಕೆ ಅಷ್ಟು ಕೆಟ್ಟದು ಎಂದು ಎಲ್ಲರೂ ಕೇಳುತ್ತಾರೆ. ಉತ್ತರ ಗದ್ದೆಗಳಲ್ಲಿದೆ. ಇಲ್ಲಿನ ಜಮೀನು ಕಾಲುವೆಯಿಂದ ಒಳಕ್ಕೆ ಉದ್ದುದ್ದ ಪಟ್ಟಿಗಳ ಹಾಗೆ ಹಂಚಿಹೋಗಿತ್ತು, ಎಲ್ಲರಿಗೂ ಒಂದಿಷ್ಟು ನೀರಿನ ದಡ ಸಿಗಲಿ ಎಂದು. ಆ ಪಟ್ಟಿಗಳನ್ನು ಮಾಲೀಕರು ಸೈಟು ಮಾಡಿ ಮಾರಿದಾಗ ಒಬ್ಬೊಬ್ಬರೂ ತಮ್ಮ ಪಟ್ಟಿಯ ನಡುವೆ ಒಂದು ದಾರಿ ಬಿಟ್ಟರು. ಆ ದಾರಿಯೇ ಸೋಯ್. ಪಕ್ಕದವನ ದಾರಿಗೆ ಸೇರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಹಾಗಾಗಿ ಎಷ್ಟೋ ಸೋಯ್‌ಗಳು ಉದ್ದಕ್ಕೆ ಹೋಗಿ ಗೋಡೆಗೋ ಕಾಲುವೆಗೋ ಮುಗಿಯುತ್ತವೆ. ಪಕ್ಕದ ಸೋಯ್‌ನಲ್ಲಿರುವ ಸ್ನೇಹಿತರ ಮನೆಗೆ ಹೋಗಬೇಕಾದರೂ ಮೊದಲು ದೊಡ್ಡ ರಸ್ತೆಗೆ ಬಂದು, ಅಲ್ಲಿನ ಟ್ರಾಫಿಕ್ಕಿನಲ್ಲಿ ನಿಂತು, ಮತ್ತೆ ಒಳಗೆ ಹೋಗಬೇಕು. ಊರಿನವರೆಲ್ಲ ಕೆಲವೇ ದೊಡ್ಡ ರಸ್ತೆಗಳಿಗೆ ಬಂದು ಸುರಿದರೆ ಅವು ತಾನೇ ಏನು ಮಾಡಿಯಾವು? ಕಿತ್ತಳೆ ಬಣ್ಣದ ಅಂಗಿ ತೊಟ್ಟ ಬೈಕ್ ಟ್ಯಾಕ್ಸಿಯವರು ಪ್ರತಿ ಸೋಯ್ ಬಾಯಲ್ಲಿ ಕೂತಿರುವುದೂ ಇದೇ ಕಾರಣಕ್ಕೆ. ದೊಡ್ಡ ರಸ್ತೆಯಿಂದ ಮನೆ ಬಾಗಿಲಿನವರೆಗಿನ ಆ ಕೊನೆಯ ತುಂಡು ಅವರದು. ನೀವು ನೋಡುವವರಾಗಿ ಹೋದಾಗ ಒಂದು ಸಣ್ಣ ಲೆಕ್ಕ ತಿಳಿದಿರಲಿ: ಒಂದು ಬದಿಯ ಸೋಯ್‌ಗಳಿಗೆ ಬೆಸ ಸಂಖ್ಯೆ, ಇನ್ನೊಂದು ಬದಿಗೆ ಸಮ ಸಂಖ್ಯೆ. ಎದುರುಬದುರು ಸಂಖ್ಯೆಗಳು ಒಂದಕ್ಕೊಂದು ಹೊಂದುವುದಿಲ್ಲ, ನಕ್ಷೆ ನೋಡಿಯೇ ಇಳಿಯಿರಿ.

ಮೂರನೇ ತಲೆಬಾಗಿಲು ತೆರೆಯುವ ಮೊದಲು ಊರು ಎರಡು ಸಲ ಎಡವಿತು. 1980ರ ದಶಕದ ಕೊನೆ, 1990ರ ದಶಕದ ಶುರು, ಹಣ ಹರಿಯುತ್ತಿದ್ದ ಕಾಲ. ಲಾವಲಿನ್ ಎನ್ನುವ ರೈಲು ಯೋಜನೆ ನಿಂತುಹೋಯಿತು. ಹೋಪ್‌ವೆಲ್ ಎನ್ನುವ ಇನ್ನೊಂದು ಯೋಜನೆಗೆ 1990ರಲ್ಲಿ ಸಹಿ ಬಿತ್ತು, ಸಾಲು ಸಾಲು ಕಾಂಕ್ರೀಟ್ ಕಂಬಗಳು ಎದ್ದವು, ಆಮೇಲೆ ವರ್ಷಗಟ್ಟಲೆ ಹಾಗೇ ಬಿಸಿಲಿಗೆ ನಿಂತವು. 1997ರ ಜುಲೈ 2ರಂದು ಥಾಯ್ ಸರ್ಕಾರ ಬಾತ್‌ನ ಬೆಲೆಯನ್ನು ಹಿಡಿದಿಡುವುದನ್ನು ಬಿಟ್ಟಿತು, ಬಾತ್ ಕುಸಿಯಿತು, ಏಷ್ಯಾದ ಆ ದೊಡ್ಡ ಆರ್ಥಿಕ ಬಿಕ್ಕಟ್ಟು ಶುರುವಾಗಿದ್ದೇ ಇಲ್ಲಿಂದ. ಕಟ್ಟುತ್ತಿದ್ದ ಕಟ್ಟಡಗಳು ಅರ್ಧಕ್ಕೆ ನಿಂತವು. ಸಫಾನ್ ತಕ್ಸಿನ್ ಸ್ಟೇಷನ್ ಹತ್ತಿರದ ಸಾಥೊರ್ನ್ ಯುನೀಕ್ ಎನ್ನುವ 49 ಮಹಡಿಯ ಕಟ್ಟಡ ಆಗ ನಿಂತಿದ್ದು, ದಶಕಗಳ ಕಾಲ ಖಾಲಿ ಉಳಿಯಿತು. ಜನ ಅದನ್ನು ದೆವ್ವದ ಗೋಪುರ ಎನ್ನುತ್ತಾರೆ. ಲಾವಲಿನ್‌ನದು ಮಾತ್ರ ಬೇರೆ ಕತೆ. ನದಿಯ ಮೇಲೆ ರೈಲಿಗೆಂದು ಕಟ್ಟಿ ಸುಮ್ನೆ ಬಿಟ್ಟಿದ್ದ ಸೇತುವೆಯ ತುಂಡನ್ನು 2020ರಲ್ಲಿ ಗಿಡ ನೆಟ್ಟು ಪಾರ್ಕ್ ಮಾಡಿದರು. ಚಾವ್ ಫ್ರಾಯಾ ಸ್ಕೈ ಪಾರ್ಕ್, 280 ಮೀಟರ್ ಉದ್ದ. ಸಂಜೆ ಅಲ್ಲಿ ನಿಂತರೆ ಕೆಳಗೆ ನೀರು, ಎರಡೂ ಕಡೆ ವಾಹನಗಳು, ಕಾಲಡಿಯಲ್ಲಿ ಬಾರದ ರೈಲಿನ ದಾರಿ. ಈ ಲೇಖನದಲ್ಲಿ ನಾನು ಹೇಳುತ್ತಿರುವುದೆಲ್ಲ ಒಂದೇ ಕಡೆ ಸಿಗುವ ಜಾಗ.

ಕೊನೆಗೆ 1999ರ ಡಿಸೆಂಬರ್ 5ರಂದು ಸ್ಕೈಟ್ರೇನ್ ಓಡಿತು. 2004ರಲ್ಲಿ ನೆಲದಡಿಯ ಮೆಟ್ರೊ ಬಂತು. ಕಿರಿದಾದ ಸೋಯ್‌ಗಳಲ್ಲಿ ಜಾಗವಿಲ್ಲ, ಆದ್ದರಿಂದ ಸ್ಕೈಟ್ರೇನ್ ದೊಡ್ಡ ರಸ್ತೆಗಳ ನೆತ್ತಿಯ ಮೇಲೆಯೇ ಸಾಗಿತು. ಸ್ಟೇಷನ್ನಿಗೆ ನೇರ ಸೇತುವೆ ಹಾಕಿಕೊಂಡ ಮಾಲ್‌ಗಳು ಗೆದ್ದವು. ಬಿಸಿಲಿಲ್ಲ, ಮಳೆಯಿಲ್ಲ, ರಸ್ತೆ ದಾಟುವ ಕಷ್ಟವಿಲ್ಲ. ಎರಡನೇ ಮಹಡಿಯೇ ಹೊಸ ತಲೆಬಾಗಿಲಾಯಿತು. ಅಲ್ಲಿಂದ ಕೆಳಗಿಳಿದರೆ ಮಾತ್ರ ಹಳೆಯ ಊರು. ಸ್ಕೈಟ್ರೇನ್ ಮತ್ತು ಮೆಟ್ರೊ ಬೇರೆ ಬೇರೆ ಸಂಸ್ಥೆಗಳ ಕೈಯಲ್ಲಿ ಬೆಳೆದವು, ಹೆಸರೂ ಬೇರೆ, ಟಿಕೆಟ್ಟಿನ ವ್ಯವಸ್ಥೆಯೂ ಬೇರೆ ಬೇರೆಯಾಗಿಯೇ ಬೆಳೆಯಿತು. ಹೊಸಬರು ಬದಲಾಯಿಸುವ ಸ್ಟೇಷನ್‌ಗಳಲ್ಲಿ ತಬ್ಬಿಬ್ಬಾಗುವುದು ಅದಕ್ಕೇ.

ಚಿಟ್ ಲೋಮ್ ಸ್ಟೇಷನ್ನಿನಿಂದ ಇಳಿದರೆ ರಾಚಪ್ರಸೋಂಗ್ ವೃತ್ತದ ಮೂಲೆಯಲ್ಲಿ ಎರವಾನ್ ಗುಡಿ ಇದೆ. ಒಳಗಿರುವುದು ನಾಲ್ಕು ಮುಖದ ಬ್ರಹ್ಮ. ನಮ್ಮಲ್ಲಿ ಬ್ರಹ್ಮನಿಗೆ ಗುಡಿಗಳೇ ಅಪರೂಪ. ಇಲ್ಲಿ ಬೆಳಗಿನಿಂದ ರಾತ್ರಿವರೆಗೂ ಅವನ ಮುಂದೆ ಚೆಂಡುಹೂವಿನ ಹಾರಗಳ ರಾಶಿ, ಊದುಬತ್ತಿ, ಹರಕೆ ತೀರಿಸಲು ಥಾಯ್ ನರ್ತಕಿಯರ ಕುಣಿತ. ಪಕ್ಕದಲ್ಲಿ ಕಟ್ಟುತ್ತಿದ್ದ ಎರವಾನ್ ಹೋಟೆಲ್ಲಿಗೆ ಒಂದಾದ ಮೇಲೊಂದು ವಿಘ್ನ ಬಂದಾಗ ಜ್ಯೋತಿಷಿಗಳ ಮಾತು ಕೇಳಿ 1956ರಲ್ಲಿ ಈ ಗುಡಿ ಕಟ್ಟಿದರು. ಎರವಾನ್ ಎಂದರೆ ಐರಾವತ. ಪ್ರಾಚೀನ ಗುಡಿಯ ಹಾಗೆ ಕಾಣುವ ಇದು ಆ ಹೋಟೆಲ್ಲಿನ ಜೊತೆಗೇ ಹುಟ್ಟಿದ್ದು. ಈ ಊರಿನಲ್ಲಿ ಹಳೆಯದಾಗಿ ಕಾಣುವುದೆಲ್ಲ ಹಳೆಯದಲ್ಲ, ಇದನ್ನೂ ತಿಳಿದಿರಬೇಕು.

ನಿಜಕ್ಕೂ ಹಳೆಯದು ಬೇಕಾದರೆ ಹಳೇ ಊರಿನ ದೈತ್ಯ ಉಯ್ಯಾಲೆಯ ಹತ್ತಿರ ಹೋಗಿ. ಎತ್ತರದ ಕೆಂಪು ತೇಗದ ಕಂಬಗಳು, ಉಯ್ಯಾಲೆ ಇಲ್ಲ. ಎದುರಿನ ದೇವಸ್ಥಾನವನ್ನು 1784ರಲ್ಲಿ ಮೊದಲನೇ ರಾಮ ಕಟ್ಟಿಸಿದ್ದು, ಹೆಸರೇ ದೇವಸಥಾನ್. ಅರಮನೆಯ ಪುರೋಹಿತರಾದ ಬ್ರಾಹ್ಮಣರು ಇಲ್ಲಿನವರು, ಅವರ ಮೂಲ ದಕ್ಷಿಣ ಭಾರತ. ಇಲ್ಲಿ ನಡೆಯುವ ತ್ರಿಯಂಪವಾಯ್ ಎನ್ನುವ ಹಬ್ಬದ ಹೆಸರು ತಮಿಳುನಾಡಿನಲ್ಲಿ ಧನುರ್ಮಾಸದಲ್ಲಿ ಹಾಡುವ ತಿರುವೆಂಬಾವೈ ಸ್ತುತಿಯಿಂದ ಬಂದದ್ದು. ಹಳೆಯ ತಮಿಳು ಸ್ತುತಿಗಳನ್ನು ಇಲ್ಲಿ ಥಾಯ್ ಬಾಯಲ್ಲಿ ಹೇಳುತ್ತಾರೆ. ಹಬ್ಬದಲ್ಲಿ ಯುವಕರು ಆ ಎತ್ತರದಲ್ಲಿ ಜೀಕಿ ಹಣದ ಗಂಟನ್ನು ಬಾಯಲ್ಲಿ ಕಚ್ಚಿ ತರುವ ಪದ್ಧತಿ 1935ರ ನಂತರ ನಿಂತಿತು. ಸುತ್ತ ಈಗ ಕಂಚಿನ ಬುದ್ಧನ ಮೂರ್ತಿ ಮಾರುವ ಅಂಗಡಿಗಳು, ನಡುವೆ ಟ್ರಾಫಿಕ್. ಹತ್ತು ನಿಮಿಷ ಸುಮ್ನೆ ನಿಂತುಕೊಳ್ಳಿ.

2019ರಲ್ಲಿ ಮೆಟ್ರೊ ಹಳೇ ಊರಿನ ಒಳಗೇ ಬಂತು, ನದಿಯ ಅಡಿಯಿಂದ ಥೊನ್‌ಬುರಿಗೂ ದಾಟಿತು. ವಾಟ್ ಫೋ ಹತ್ತಿರದ ಸನಾಮ್ ಚೈ ಸ್ಟೇಷನ್ ಒಳಗೆ ಅರಮನೆಯ ದರ್ಬಾರಿನ ಹಾಗೆ ಕೆಂಪು ಬಂಗಾರದ ಕೆಲಸ. ಚೈನಾಟೌನಿಗೆ ವಾಟ್ ಮಂಗ್‌ಕೊನ್ ಸ್ಟೇಷನ್. ಇದು ನೋಡುವವರಿಗೆ ತುಂಬಾ ಅನುಕೂಲ, ಖಂಡಿತ. ಆದರೆ ಸ್ಟೇಷನ್ ಬಂದ ಕಡೆ ನೆಲದ ಬೆಲೆ ಏರುತ್ತದೆ, ಮತ್ತು ಹಳೇ ಊರಿನ ಎಷ್ಟೋ ಅಂಗಡಿ-ಮನೆಗಳಲ್ಲಿ ಇರುವವರು ಮಾಲೀಕರಲ್ಲ. ನೆಲ ವಿಹಾರದ್ದೋ, ರಾಜಮನೆತನದ ಆಸ್ತಿಯದೋ, ಸರ್ಕಾರದ್ದೋ ಆಗಿರುತ್ತದೆ. ಮೂರು ತಲೆಮಾರಿನಿಂದ ಅಲ್ಲೇ ಇದ್ದವರೂ ಬಾಡಿಗೆದಾರರೇ. ಒಂದು ಬೀದಿ ಉಳಿಯುತ್ತದೋ ಇಲ್ಲವೋ ಎನ್ನುವುದು ಹೆಚ್ಚಾಗಿ ಅಲ್ಲಿ ಬದುಕುವವರ ಕೈಯಲ್ಲಿ ಇರುವುದಿಲ್ಲ.

ಇದಕ್ಕೆ ನನ್ನ ಮನಸ್ಸು ಚುರುಕ್ ಅನ್ನುವ ಉದಾಹರಣೆ ಮಹಾಕಾನ್ ಕೋಟೆ. ಹಳೇ ಕೋಟೆಗೋಡೆಯ ಮತ್ತು ಕಾಲುವೆಯ ನಡುವೆ ಒಂದು ಸಣ್ಣ ಕೇರಿ ಇತ್ತು, ಹಳೆಯ ಮರದ ಮನೆಗಳು, ಕೈಕಸುಬಿನ ಜನ. ಪಾರ್ಕ್ ಮಾಡುತ್ತೇವೆ, ಜಾಗ ಬಿಡಿ ಎಂದು ನಗರಾಡಳಿತ 1992ರಲ್ಲಿ ಹೇಳಿತು. ಆ ಜನ ಸುಮಾರು 25 ವರ್ಷ ಹೋರಾಡಿದರು. ವಾಸ್ತುಶಿಲ್ಪಿಗಳು, ವಿಶ್ವವಿದ್ಯಾಲಯದವರು ಅವರ ಪರ ನಿಂತರು. 2018ರಲ್ಲಿ ಕೊನೆಯವರೂ ಹೊರಡಬೇಕಾಯಿತು. ಈಗ ಅಲ್ಲಿ ಹುಲ್ಲುಹಾಸು ಇದೆ. ಬಿಳಿ ಗೋಡೆಯ ಕೋಟೆ ಚೆನ್ನಾಗಿ ಕಾಣುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಹಳೆಯದನ್ನು ಉಳಿಸುವುದು ಎಂದರೆ ಗೋಡೆ ಉಳಿಸುವುದು ಎಂದು ತಿಳಿದರೆ ಆಗುವ ನಷ್ಟ ಇದು. ಅದಕ್ಕೇ ನಾನು ಕೋಟೆ ನೋಡಲು ಹೋಗುವವರಿಗೆಲ್ಲ ಅಲ್ಲಿ ಮನೆಗಳಿದ್ದವು ಎಂದು ಹೇಳುತ್ತೇನೆ.

ಹಾಗಂತ ಎಲ್ಲ ಕಡೆಯೂ ಹಾಗೇ ಆಗಿಲ್ಲ. ನದಿ ದಡದ ತಲಾತ್ ನೋಯ್ ಕೇರಿಯಲ್ಲಿ ಹಳೇ ಎಂಜಿನ್ ಬಿಡಿಭಾಗಗಳ ಗುಡ್ಡೆ, ಮಸಿ ಹಿಡಿದ ಕೈಗಳು, ಅದರ ಪಕ್ಕದಲ್ಲೇ ಕಾಫಿ ಅಂಗಡಿ, ಎರಡೂ ಈಗ ಜೊತೆಗಿವೆ. ಥೊನ್‌ಬುರಿಯ ಕುದಿ ಚೀನ್ ಕೇರಿಯಲ್ಲಿ ಪೋರ್ಚುಗೀಸ್ ಮೂಲದ ಕುಟುಂಬಗಳು ಸಾಂತಾ ಕ್ರೂಸ್ ಚರ್ಚಿನ ಸುತ್ತ ಇನ್ನೂ ಇವೆ, ಖನೋಮ್ ಫರಂಗ್ ಎನ್ನುವ ಪುಟ್ಟ ಕೇಕನ್ನು ಇನ್ನೂ ಸುಡುತ್ತವೆ. ಫಹುರತ್ ಬಟ್ಟೆ ಬೀದಿಯಲ್ಲಿ ಸಿಖ್ ವ್ಯಾಪಾರಿಗಳ ಗುರುದ್ವಾರದ ಬಂಗಾರದ ಗುಮ್ಮಟ ಕಾಣುತ್ತದೆ, ಮಸಾಲೆ ವಾಸನೆಗೆ ನಿಮ್ಮ ಕಾಲು ತಾನಾಗಿ ನಿಲ್ಲುತ್ತದೆ. ಸಸ್ಯಾಹಾರಿಗಳಿಗೆ ಬ್ಯಾಂಕಾಕ್‌ನಲ್ಲಿ ಊಟ ಹುಡುಕುವುದು ಸ್ವಲ್ಪ ಕಷ್ಟ, ಮೀನಿನ ಸಾಸ್ ಎಲ್ಲದರಲ್ಲೂ ಇರುತ್ತದೆ. ಇಲ್ಲಿ ಆ ಚಿಂತೆ ಇಲ್ಲ. ಅದರ ಪಕ್ಕದ ಓಂಗ್ ಆಂಗ್ ಕಾಲುವೆಯ ಮೇಲೆ ವರ್ಷಗಟ್ಟಲೆ ಅಂಗಡಿಗಳೇ ತುಂಬಿ ನೀರು ಕಾಣುತ್ತಿರಲಿಲ್ಲ. 2015ರಲ್ಲಿ ಅವನ್ನು ತೆಗೆದು ಕಾಲುವೆ ಚೊಕ್ಕ ಮಾಡಿದರು, 2020ರಲ್ಲಿ ದಡ ನಡೆಯುವ ಬೀದಿ ಆಯಿತು.

ನೀರಿನ ಕಡೆಗೆ ಊರು ಮತ್ತೆ ತಿರುಗಲು ಬೇರೆ ಕಾರಣವೂ ಇದೆ. ಬ್ಯಾಂಕಾಕ್ ನಿಂತಿರುವುದು ಸಮುದ್ರಮಟ್ಟಕ್ಕಿಂತ ಒಂದೂವರೆ ಮೀಟರಿನಷ್ಟೇ ಎತ್ತರದ ಮೆತ್ತನೆಯ ಜೇಡಿಮಣ್ಣಿನ ಮೇಲೆ. ಈ ಮಣ್ಣಿನ ಗುಣ ನೋಡಬೇಕೆಂದರೆ ವಾಟ್ ಸಾಕೆತ್‌ನ ಬಂಗಾರದ ಬೆಟ್ಟ ಹತ್ತಿ. ಅದು ಬೆಟ್ಟವೇ ಅಲ್ಲ. ಮೂರನೇ ರಾಮ ಅಲ್ಲಿ ದೊಡ್ಡ ಸ್ತೂಪ ಕಟ್ಟಲು ಹೊರಟರು, ಮಣ್ಣು ಭಾರ ತಡೆಯದೆ ಅದು ಕುಸಿಯಿತು. ಆ ಇಟ್ಟಿಗೆ ಮಣ್ಣಿನ ಗುಡ್ಡೆಯ ಮೇಲೆ ಮುಂದಿನ ರಾಜರು ಸಣ್ಣ ಸ್ತೂಪ ಕಟ್ಟಿದರು. ಕಾಲುವೆ ಮುಚ್ಚಿ, ಅಂತರ್ಜಲ ಎಳೆದು, ಅದರ ಮೇಲೆ ಕಾಂಕ್ರೀಟ್ ಹೊರಿಸಿದಾಗ ನೆಲ ಇಳಿಯಿತು, ಮಳೆನೀರಿಗೆ ಹೋಗಲು ದಾರಿ ಕಡಿಮೆಯಾಯಿತು. 2011ರ ಪ್ರವಾಹ ಅದನ್ನು ಎಲ್ಲರಿಗೂ ನೆನಪಿಸಿತು. ಈಚಿನ ಪಾರ್ಕುಗಳನ್ನು ನೋಡಿ. 2017ರ ಚುಲಾಲೊಂಗ್‌ಕೊರ್ನ್ ಶತಮಾನೋತ್ಸವ ಪಾರ್ಕನ್ನು ವಾಸ್ತುಶಿಲ್ಪಿ ಕೊಚಕೊರ್ನ್ ವೋರಾಖೋಮ್ ಇಳಿಜಾರಾಗಿಯೇ ಮಾಡಿದ್ದಾರೆ, ಮಳೆನೀರು ಜಾರಿ ಕೊಳದಲ್ಲಿ ನಿಲ್ಲಲಿ ಎಂದು. ಹಳೇ ತಂಬಾಕು ಕಾರ್ಖಾನೆಯ ಜಾಗದಲ್ಲಿ ಬಂದಿರುವ ಬೆಂಚಕಿಟ್ಟಿ ಕಾಡು-ಪಾರ್ಕಿನಲ್ಲೂ ಜೌಗು, ಮರ, ನೀರು. ಗಗನಚುಂಬಿಗಳ ನಡುವೆ ಆ ಎತ್ತರದ ಕಾಲುದಾರಿಯಲ್ಲಿ ಸಂಜೆ ನಡೆಯುವುದು ಯಾವ ಮಾಲ್‌ಗಿಂತಲೂ ಒಳ್ಳೆಯದು.

ಒಂದೇ ದಿನ ಇದ್ದರೆ ಹೀಗೆ ಮಾಡಿ. ಬೆಳಗ್ಗೆ ಬೇಗ ಸ್ಕೈಟ್ರೇನ್‌ನಲ್ಲಿ ಸಫಾನ್ ತಕ್ಸಿನ್‌ಗೆ ಹೋಗಿ, ಕೆಳಗಿನ ಸಾಥೊರ್ನ್ ಕಟ್ಟೆಯಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿ. ಅದು ಊರಿನವರು ದಿನಾ ಓಡಾಡುವ ದೋಣಿ. ಅರಮನೆಗೆ 8.30ಕ್ಕೇ ತಲುಪಿ, ಮಧ್ಯಾಹ್ನ 3.30ಕ್ಕೆ ಬಾಗಿಲು ಮುಚ್ಚುತ್ತದೆ. ಹೆಗಲು, ಮಂಡಿ ಮುಚ್ಚುವ ಬಟ್ಟೆ ಇರಲಿ. ಹೊರಗೆ ಯಾರಾದರೂ ನಗುತ್ತಾ ಬಂದು ಇವತ್ತು ಅರಮನೆ ರಜೆ, ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ ಎಂದರೆ ನಂಬಬೇಡಿ. ನಾನು ಮೊದಲ ಸಲ ನಂಬಿ ಟುಕ್‌ಟುಕ್ ಹತ್ತಿ, ಅರ್ಧ ದಿನ ಹರಳಿನ ಅಂಗಡಿ, ದರ್ಜಿ ಅಂಗಡಿ ಸುತ್ತಿ ಕಳೆದುಕೊಂಡೆ. ಬಾಗಿಲಿನವರೆಗೆ ಹೋಗಿ ನೀವೇ ನೋಡಿ. ವಾಟ್ ಫೋದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧ, ಆಮೇಲೆ ದಾಟುವ ದೋಣಿಯಲ್ಲಿ ವಾಟ್ ಅರುಣ್. ನಡುಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲಾದರೂ ನೆರಳಿನಲ್ಲಿ ಕೂತುಬಿಡಿ, ಹಟ ಬೇಡ.

ಬಿಸಿಲು ಇಳಿದ ಮೇಲೆ ಬಂಗಾರದ ಬೆಟ್ಟದ ಬುಡದ ಪಾನ್‌ಫಾ ಕಟ್ಟೆಗೆ ಹೋಗಿ ಸೆನ್ ಸೆಪ್ ದೋಣಿ ಹಿಡಿಯಿರಿ. ಈ ಕಾಲುವೆಯನ್ನು ಮೂರನೇ ರಾಮನ ಕಾಲದಲ್ಲಿ, 1837ರಿಂದ 1840ರ ನಡುವೆ, ಪೂರ್ವದ ಯುದ್ಧಕ್ಕೆ ಸೈನ್ಯ ಮತ್ತು ದವಸ ಸಾಗಿಸಲು ತೋಡಿಸಿದ್ದು. ಈಗ ಆಫೀಸಿನಿಂದ ಮನೆಗೆ ಹೋಗುವವರ ದಾರಿ. ದೋಣಿ ಪೂರ್ತಿ ನಿಲ್ಲುವ ಮೊದಲೇ ಜನ ಹತ್ತುತ್ತಾರೆ, ಇಳಿಯುತ್ತಾರೆ, ಜೋಪಾನ. ನೀರು ಕಪ್ಪು, ವಾಸನೆಯೂ ಇದೆ. ಎದುರಿನಿಂದ ದೋಣಿ ಬಂದಾಗ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಎತ್ತಿ ಹಿಡಿಯಬೇಕು, ಅದು ಅಲ್ಲಿನ ಶಿಸ್ತು. ತಗ್ಗು ಸೇತುವೆ ಬಂದಾಗ ದೋಣಿಯ ಚಾವಣಿಯನ್ನೇ ಇಳಿಸುತ್ತಾರೆ. ಎರಡೂ ಕಡೆ ಮನೆಗಳ ಹಿತ್ತಿಲು: ಒಣಗಲು ಹಾಕಿದ ಬಟ್ಟೆ, ಕುಂಡದ ಗಿಡ, ಮೆಟ್ಟಿಲ ಮೇಲೆ ಕೂತ ಅಜ್ಜಿ. ಎಡಗಡೆ ಬಾನ್ ಕ್ರುವಾ ಬರುತ್ತದೆ, ಚಾಮ್ ಮುಸ್ಲಿಮರ ಹಳೇ ನೇಕಾರರ ಕೇರಿ. ಬಲಗಡೆ ಮರಗಳ ನಡುವೆ ಜಿಮ್ ಥಾಂಪ್ಸನ್ ಎನ್ನುವ ಅಮೆರಿಕನ್ನನ ತೇಗದ ಮನೆ. ಥಾಯ್ ರೇಷ್ಮೆಯನ್ನು ಹೊರದೇಶಗಳಿಗೆ ಪರಿಚಯಿಸಿದ ಆತ ರೇಷ್ಮೆ ನೇಯಿಸುತ್ತಿದ್ದದ್ದು ಈ ಆಚೆ ದಡದವರ ಕೈಯಲ್ಲೇ. 1967ರಲ್ಲಿ ಮಲೇಷ್ಯಾದ ಗುಡ್ಡಗಾಡಿನಲ್ಲಿ ನಡೆಯಲು ಹೋದವನು ಮರಳಿ ಬರಲಿಲ್ಲ.

ಮುಂದಿನ ಕಟ್ಟೆ ಹುವಾ ಚಾಂಗ್, ಅಲ್ಲಿ ಇಳಿಯಿರಿ. ಮೆಟ್ಟಿಲು ಹತ್ತಿ ರಸ್ತೆಗೆ ಬಂದರೆ ತಲೆಯ ಮೇಲೆ ಸ್ಕೈಟ್ರೇನ್ ಹೋಗುತ್ತಿರುತ್ತದೆ. ಆ ರಸ್ತೆಯಲ್ಲಿ ದಕ್ಷಿಣಕ್ಕೆ ಹೋಗಿ, ದೊಡ್ಡ ವೃತ್ತದಲ್ಲಿ ಎಡಕ್ಕೆ ತಿರುಗಿ, ಮಾಲ್‌ಗಳ ಮುಂದೆ ನಡೆದು ಬಂದರೆ ಅದೇ ಪದ್ಮವನದ ಬಾಗಿಲು. ಪರದೆ ಎತ್ತಲು ತಡವಾಗಿ ಒದ್ದೆಯಾದ ತೋಳು ಅಷ್ಟರಲ್ಲಿ ಒಣಗಿರುತ್ತದೆ.